9ನೇ ತಾರೀಖಿನ ತಪಾಸಣೆ ಹೆರಿಗೆ ಭಯಕ್ಕೆ ಎಷ್ಟು ಉಪಯೋಗ?

"ಒಂಬತ್ತನೇ ತಾರೀಖು ಡಾಕ್ಟ್ರು ನೋಡ್ತಾರೆ, ತಾಯಿ ಕಾರ್ಡ್ ಮರೀದೆ ತಗೊಂಡು ಬನ್ನಿ" ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳಿ ಹೋಗುವ ಸೇವೆಯ ಪೂರ್ತಿ ಹೆಸರು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ. ಇದು ಶುರುವಾದದ್ದು 2016ರಲ್ಲಿ. ಮೂರು ತಿಂಗಳು ತುಂಬಿದ ಯಾವ ಗರ್ಭಿಣಿಯಾದರೂ ಸರ್ಕಾರಿ ಆಸ್ಪತ್ರೆಯಲ್ಲಿ ಆ ದಿನ ದುಡ್ಡು ಕೊಡದೆ ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳಬಹುದು. 9 ಭಾನುವಾರವೋ ರಜೆಯೋ ಆದರೆ ಮುಂದಿನ ಕೆಲಸದ ದಿನ ನಡೆಯುತ್ತದೆ. 2022ರಿಂದ, ಹೆರಿಗೆಯಲ್ಲಿ ತೊಂದರೆಯಾಗುವ ಸಂಭವ ಹೆಚ್ಚಿರುವವರಿಗಾಗಿ ತಿಂಗಳಲ್ಲಿ ಹೆಚ್ಚುವರಿ ದಿನಗಳನ್ನೂ ಸೇರಿಸಿದ್ದಾರೆ. ನಿಮ್ಮ ಆಸ್ಪತ್ರೆಯಲ್ಲಿ ಅವು ಯಾವ ತಾರೀಖು ಎಂದು ಆಶಾ ಅವರನ್ನೇ ಕೇಳಿ.

ಎಂಟು, ಒಂಬತ್ತನೇ ತಿಂಗಳಲ್ಲಿ ನಿದ್ದೆ ಕೆಡಿಸುವ ಹೆರಿಗೆ ಭಯಕ್ಕೆ ಈ ತಪಾಸಣೆಯಿಂದ ಏನು ಸಿಗುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡುತ್ತಿದ್ದೇವೆ. ದೇಹದ ತಪಾಸಣೆಗೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಭಯದ ವಿಷಯಕ್ಕೆ ಎರಡು. ಉಳಿದ ಅಂಕ ಕೇಳಿ ಪಡೆಯುವವರಿಗೆ ಸಿಗುತ್ತದೆ. ಏನು ಕೇಳಬೇಕು ಎಂಬುದೇ ಈ ಬರಹದ ಬಹುಪಾಲು.

ಮೊದಲು ಭಯದ ಮೂಲಗಳು. ಚೊಚ್ಚಲ ಬಸುರಿಗೆ ಕಾಣದ ನೋವಿನ ಭಯ, ಎರಡನೆಯ ಸಲದವಳಿಗೆ ಕಂಡ ನೋವಿನ ಭಯ. ಹಿಂದೆ ಗರ್ಭ ಹೋಗಿದ್ದರೆ, ಮಗು ಹೊಟ್ಟೆಯಲ್ಲೇ ತೀರಿಕೊಂಡಿದ್ದರೆ, ಆಗ ಅದು ನಡೆದ ವಾರ ಈ ಸಲ ಹತ್ತಿರ ಬಂದಂತೆಲ್ಲ ಆತಂಕ ಏರುತ್ತದೆ. ಮೊದಲೇ ಆತಂಕ ಅಥವಾ ಖಿನ್ನತೆ ಇದ್ದವರು, ಮನೆಯಲ್ಲಿ ಆಸರೆ ಇಲ್ಲದವರು, ಗಂಡನ ಹೊಡೆತ ತಿನ್ನುವವರು, ಸಾಲದಲ್ಲಿರುವವರು, ಬೇಡದೆ ನಿಂತ ಗರ್ಭ ಹೊತ್ತವರು ಹೆಚ್ಚು ಬಳಲುತ್ತಾರೆ. ನಮ್ಮಲ್ಲಿ "ಈ ಸಲನಾದ್ರೂ ಗಂಡಾಗ್ಲಿ" ಎಂಬ ಮಾತು ಒಂಬತ್ತು ತಿಂಗಳೂ ಕಿವಿಗೆ ಬೀಳುತ್ತಿದ್ದರೆ ಹೆರಿಗೆಯ ದಿನವೇ ಪರೀಕ್ಷೆಯ ಫಲಿತಾಂಶದ ದಿನವಾಗಿಬಿಡುತ್ತದೆ. ಅಭಿವೃದ್ಧಿಶೀಲ ದೇಶಗಳಲ್ಲಿ ಗರ್ಭಿಣಿಯರ ಪೈಕಿ ಶೇ 15.6ರಷ್ಟು ಮಂದಿಗೆ ಯಾವುದಾದರೂ ಮಾನಸಿಕ ತೊಂದರೆ ಇರುತ್ತದೆ, ಅದರಲ್ಲಿ ಖಿನ್ನತೆಯೇ ಹೆಚ್ಚು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸಾಲವನ್ನೋ ಅತ್ತೆಮನೆಯನ್ನೋ ಆಸ್ಪತ್ರೆ ಒಂದು ದಿನದಲ್ಲಿ ಬದಲಿಸಲಾರದು. ಆದರೆ ಹೆರಿಗೆ ಕೋಣೆಯಲ್ಲಿ ಏನಾಗುತ್ತದೆ, ಪಕ್ಕದಲ್ಲಿ ಯಾರಿರುತ್ತಾರೆ, ಕಾರ್ಡಿನಲ್ಲಿ ಬರೆದದ್ದರ ಅರ್ಥವೇನು ಎಂಬುದು ಗೊತ್ತಿಲ್ಲದೆ ಹುಟ್ಟುವ ಭಯವನ್ನು ಆ ಬೆಳಿಗ್ಗೆಯೇ ಇಳಿಸಬಹುದು.

ತಪಾಸಣೆಯ ಕ್ರಮ ಹೀಗೆ. ಹೆಸರು ಬರೆಸಿದ ಮೇಲೆ ತೂಕ, ಬಿಪಿ, ರಕ್ತ, ಮೂತ್ರ. ಈ ವರದಿಗಳು ಕೈಗೆ ಬಂದ ನಂತರವೇ ವೈದ್ಯರು ನೋಡಬೇಕು ಎಂಬುದು ನಿಯಮ. ಕೊನೆಗೆ ಕಾರ್ಡಿಗೆ ಬಣ್ಣದ ಸ್ಟಿಕ್ಕರ್ ಮತ್ತು ಆಪ್ತ ಸಲಹೆ. ಜನ ಹೆಚ್ಚಾದ ದಿನ ಮೊದಲು ಮೊಟಕಾಗುವುದು ಈ ಕೊನೆಯ ಸಲಹೆಯೇ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದವರಿಗೆ ವರದಿಯೂ ಬೇಗ ಬರುತ್ತದೆ, ವೈದ್ಯರಿಗೂ ಮಾತಾಡಲು ಪುರುಸೊತ್ತು ಇರುತ್ತದೆ.

ಶುಗರ್ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಿಲ್ಲ. 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿ ನೀರಿಗೆ ಕಲಸಿ ಕೊಡುತ್ತಾರೆ, 5ರಿಂದ 10 ನಿಮಿಷದೊಳಗೆ ಕುಡಿದು ಮುಗಿಸಬೇಕು. ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಿಣಿ ಸಕ್ಕರೆ ಕಾಯಿಲೆ ಎಂದು ಲೆಕ್ಕ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಪರೀಕ್ಷೆಯನ್ನು ಮಾರನೇ ದಿನ ಮತ್ತೆ ಮಾಡಬೇಕು, ಅಲ್ಲಿಯೇ ಹೇಳಿಬಿಡಿ. ಎಷ್ಟೋ ಹೆಣ್ಣುಮಕ್ಕಳು "ಉಪವಾಸ ಬಾ" ಎಂದು ಯಾರೋ ಹೇಳಿದ್ದನ್ನು ನಂಬಿ ಬೆಳಗಿನಿಂದ ಏನೂ ತಿನ್ನದೆ ಬಂದು ಸಾಲಿನಲ್ಲಿ ತಲೆ ಸುತ್ತಿ ಕೂರುತ್ತಾರೆ. ಎದೆ ಹಾರುವುದು, ಕೈ ನಡುಗುವುದು ಹಸಿವಿನಿಂದಲೂ ಆಗುತ್ತದೆ, ಆತಂಕದಿಂದಲೂ ಆಗುತ್ತದೆ. ಎರಡೂ ಸೇರಿದರೆ ಏನೋ ಆಗಬಾರದ್ದು ಆಗುತ್ತಿದೆ ಎಂಬ ಗಾಬರಿಯೇ ಉಳಿಯುತ್ತದೆ.

ಬಿಪಿಯ ಕಥೆಯೂ ಅಂಥದ್ದೇ. ಬಸ್ಸಿಳಿದು ಓಡಿ ಬಂದು, ಹೆದರಿಕೊಂಡೇ ಕುರ್ಚಿಯಲ್ಲಿ ಕೂತು ಕೈ ಚಾಚಿದರೆ ಅಳತೆ ನಿಜಕ್ಕಿಂತ ಮೇಲೆ ಬರುತ್ತದೆ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂತ ಮೇಲೆ ಅಳೆಸಿ. ತೋಳು ಎದೆಯ ಮಟ್ಟಕ್ಕಿರಲಿ, ಅಳೆಯುವಾಗ ಮಾತು ಬೇಡ. 140/90 ಅಥವಾ ಮೇಲೆ ಬಂದರೆ ವಿಶ್ರಾಂತಿಯ ನಂತರ ಮತ್ತೊಮ್ಮೆ ಅಳೆಯಲು ಕೇಳುವುದು ನಿಮ್ಮ ಹಕ್ಕು. ಹಾಗೆಂದು ಹೆಚ್ಚು ಬಂದ ಅಳತೆಯನ್ನು "ಹೆದರಿದ್ದೆ, ಅದಕ್ಕೇ" ಎಂದು ನೀವೇ ತಳ್ಳಿಹಾಕಬೇಡಿ. ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂಬುದನ್ನು ಸೇರಿಸಿ ವೈದ್ಯರು ತೀರ್ಮಾನಿಸಲಿ. ತಲೆ ಸಿಡಿಯುವಂಥ ನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖ ಊದುವುದು ಇವುಗಳಲ್ಲಿ ಯಾವುದು ಕಂಡರೂ 9ನೇ ತಾರೀಖಿಗೆ ಕಾಯಬೇಡಿ, ಅಂದೇ ಹೋಗಿ.

ಇನ್ನು ಸ್ಟಿಕ್ಕರ್. ಹಸಿರು ಎಂದರೆ ಅಪಾಯದ ಲಕ್ಷಣ ಕಂಡಿಲ್ಲ. ಕೆಂಪು ಎಂದರೆ ಹೆಚ್ಚು ನಿಗಾ ಬೇಕಾದ ಗರ್ಭ. ನೀಲಿ ಬಸುರಿನಲ್ಲಿ ಬಂದ ಬಿಪಿಗೆ, ಹಳದಿ ಶುಗರ್, ಥೈರಾಯ್ಡ್‌ನಂಥ ಜೊತೆ ಕಾಯಿಲೆಗಳಿಗೆ. ವೈದ್ಯರ ಕೆಲಸಕ್ಕೆ ಇದು ಬಹಳ ಒಳ್ಳೆಯ ಏರ್ಪಾಡು. ರಾತ್ರಿ ಎರಡು ಗಂಟೆಗೆ ನೋವು ತಿನ್ನುತ್ತ ಬಂದವಳ ಕಾರ್ಡು ನೋಡಿದ ಕೂಡಲೇ ಡ್ಯೂಟಿ ನರ್ಸ್‌ಗೆ ವಿಷಯ ಗೊತ್ತಾಗುತ್ತದೆ. ಆದರೆ ವಿವರಣೆ ಇಲ್ಲದೆ ಅಂಟಿಸಿದ ಕೆಂಪು ಸ್ಟಿಕ್ಕರ್ ಹುಟ್ಟಿಸುವಷ್ಟು ಭಯವನ್ನು ಆ ದಿನದ ಬೇರೆ ಯಾವುದೂ ಹುಟ್ಟಿಸುವುದಿಲ್ಲ. ಮನೆಯವರು ಅದನ್ನು ನೋಡಿ "ಕೇಸು ಸೀರಿಯಸ್ಸಂತೆ" ಎಂದುಬಿಡುತ್ತಾರೆ. ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೂ ಕೆಂಪು, ಅವಳಿ ಇದ್ದರೂ ಕೆಂಪು, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೂ ಕೆಂಪು. ಇವು ಮೂರೂ ಒಂದೇ ತೂಕದ ವಿಷಯಗಳಲ್ಲ. ರಕ್ತ ಕಡಿಮೆ ಇರುವುದನ್ನು ಹೆರಿಗೆಗೆ ಮುಂಚೆಯೇ ಸರಿಪಡಿಸಬಹುದು. ಅವಳಿ ಇದ್ದರೆ ಮಾಡಬೇಕಾದದ್ದು ಹೆರಿಗೆಯ ಜಾಗವನ್ನು ಸರಿಯಾಗಿ ಆರಿಸಿಕೊಳ್ಳುವುದು.

ಆದ್ದರಿಂದ ಕುರ್ಚಿಯಿಂದ ಏಳುವ ಮುಂಚೆ ಕೇಳಿ: ಈ ಬಣ್ಣ ಯಾವ ಕಾರಣಕ್ಕೆ, ಅದಕ್ಕೆ ನಾನು ಏನು ಮಾಡಬೇಕು, ಹೆರಿಗೆಗೆ ಯಾವ ಆಸ್ಪತ್ರೆ, ಮುಂದಿನ ತಪಾಸಣೆ ಯಾವತ್ತು. ಉತ್ತರವನ್ನು ಕನ್ನಡದಲ್ಲಿ ತಾಯಿ ಕಾರ್ಡಿನಲ್ಲೇ ಬರೆಸಿಕೊಳ್ಳಿ. "ಹಿಂದಿನ ಸಿಸೇರಿಯನ್, ಜಿಲ್ಲಾಸ್ಪತ್ರೆಗೆ, 38ನೇ ವಾರಕ್ಕೆ ಬರಬೇಕು" ಎಂಬ ಒಂದು ಸಾಲಿದ್ದರೆ ಊಹೆ ಮಾಡುತ್ತ ಕೂರುವುದು ತಪ್ಪುತ್ತದೆ.

ಸ್ಕ್ಯಾನಿಂಗ್ ವರದಿಯ ಮಾತುಗಳಿಗೆ ಸ್ವಲ್ಪ ಹೆಚ್ಚೇ ಜಾಗ ಕೊಡಬೇಕು. ಕೊನೆಯ ತಿಂಗಳ ಆತಂಕದ ದೊಡ್ಡ ಪಾಲು ಆ ಕಾಗದದಿಂದಲೇ ಬರುತ್ತದೆ, ಮತ್ತು 9ನೇ ತಾರೀಖಿನ ಸಾಲಿನಲ್ಲಿ ಅದನ್ನು ಬಿಡಿಸಿ ಹೇಳುವಷ್ಟು ಸಮಯ ಸಿಗುವುದು ಅಪರೂಪ.

"ಕುತ್ತಿಗೆಗೆ ಬಳ್ಳಿ ಸುತ್ತಿದೆ" ಎಂಬುದು ಎಲ್ಲಕ್ಕಿಂತ ಹೆಚ್ಚು ಹೆದರಿಸುವ ವಾಕ್ಯ. ಹೊಟ್ಟೆಯೊಳಗಿನ ಮಗು ಬಾಯಿ ಮೂಗಿನಿಂದ ಉಸಿರಾಡುವುದಿಲ್ಲ, ಅದಕ್ಕೆ ಆಮ್ಲಜನಕ ಬರುವುದು ಹೊಕ್ಕುಳ ಬಳ್ಳಿಯ ರಕ್ತದಿಂದ. ಹಾಗಾಗಿ ಒಂದು ಸುತ್ತು ಬಿದ್ದ ಮಾತ್ರಕ್ಕೆ ಉಸಿರು ಕಟ್ಟುವುದಿಲ್ಲ. ಎಷ್ಟೋ ಮಕ್ಕಳು ಒಂದು ಸುತ್ತು ಹಾಕಿಕೊಂಡೇ ಹುಟ್ಟುತ್ತವೆ, ತಲೆ ಹೊರಬಂದ ಮೇಲೆ ನರ್ಸ್ ಅದನ್ನು ಬೆರಳಿನಿಂದ ಸಡಿಲಿಸಿ ತೆಗೆಯುತ್ತಾರೆ. ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗುವುದಿಲ್ಲ. ಹೆರಿಗೆ ನೋವಿನಲ್ಲಿ ಮಗುವಿನ ಎದೆಬಡಿತ ಹೇಗಿದೆ ಎಂಬುದೇ ನಿರ್ಧರಿಸುವ ಸಂಗತಿ.

"ನೀರು ಕಡಿಮೆ" ಎಂದರೆ ಎಷ್ಟು ಕಡಿಮೆ ಎಂದು ಕೇಳಿ. ಮಗುವಿನ ಸುತ್ತಲಿನ ನೀರಿಗೆ ಎಎಫ್‌ಐ ಎಂಬ ಅಳತೆಯಿದೆ, ಅದು 5ರಿಂದ 25 ಸೆಂಟಿಮೀಟರ್ ಒಳಗಿದ್ದರೆ ಸಾಮಾನ್ಯ ಎಂದು ಲೆಕ್ಕ. 8 ಬಂದದ್ದನ್ನು ನೋಡಿ "ಹಿಂದಿನ ಸಲ 12 ಇತ್ತಲ್ಲ" ಎಂದು ಅಳುವವರಿದ್ದಾರೆ. ದಿನ ತುಂಬುತ್ತ ಬಂದಂತೆ ನೀರು ಇಳಿಯುವುದು ಸಹಜ. 5ಕ್ಕೆ ಬಂದರೆ ಅಥವಾ ಅದರ ಕೆಳಗೆ ಹೋದರೆ ಆಸ್ಪತ್ರೆಯವರು ಹೇಳಿದಂತೆ ಕೂಡಲೇ ನಡೆಯಬೇಕು. ತೂಕದ ಅಂದಾಜೂ ಅಂದಾಜೇ. ಸ್ಕ್ಯಾನ್ ಹೇಳುವ ತೂಕದಲ್ಲಿ ಶೇ 10ರಿಂದ 15ರಷ್ಟು ಆಚೆ ಈಚೆ ಇರುತ್ತದೆ. 3 ಕೆಜಿ ಎಂದು ಬರೆದಿದ್ದರೆ ಹುಟ್ಟುವ ಮಗು ಎರಡೂಮುಕ್ಕಾಲು ಕೆಜಿಯೂ ಇರಬಹುದು, ಮೂರೂಕಾಲು ಕೆಜಿಯೂ ಇರಬಹುದು. 32ನೇ ವಾರಕ್ಕೆ ಮಗು ಕೂತ ಭಂಗಿಯಲ್ಲಿದ್ದರೆ ಚಿಂತೆ ಬೇಡ. ಬಹುತೇಕ ಮಕ್ಕಳು ತಾವಾಗಿಯೇ ತಿರುಗುತ್ತವೆ, ದಿನ ತುಂಬುವ ಹೊತ್ತಿಗೆ ನೂರಕ್ಕೆ ಮೂರೋ ನಾಲ್ಕೋ ಮಾತ್ರ ಹಾಗೆ ಉಳಿಯುತ್ತವೆ. 36ನೇ ವಾರದ ನಂತರವೂ ತಿರುಗಿಲ್ಲವೆಂದರೆ ಎಲ್ಲಿ, ಹೇಗೆ ಹೆರಿಗೆ ಎಂಬ ಮಾತು ಆಗಲೇ ಆಗಬೇಕು.

ತಾರೀಖಿನ ಗೊಂದಲ ಇನ್ನೊಂದು. ಪ್ರತಿ ಸ್ಕ್ಯಾನೂ ಬೇರೆ ಬೇರೆ ಹೆರಿಗೆ ದಿನಾಂಕ ತೋರಿಸುತ್ತದೆ. ಗಣನೆಗೆ ಬರುವುದು ಮೊದಲ ಮೂರು ತಿಂಗಳ ಸ್ಕ್ಯಾನಿನ ದಿನಾಂಕ, ನಂತರದ್ದೆಲ್ಲ ಮಗುವಿನ ಬೆಳವಣಿಗೆ ನೋಡಲಿಕ್ಕೆ. ಆ ಮೊದಲ ಸ್ಕ್ಯಾನ್ ಕಾಗದವನ್ನು ತಾಯಿ ಕಾರ್ಡಿಗೆ ಪಿನ್ ಮಾಡಿ ಇಟ್ಟುಕೊಳ್ಳಿ. ಹೇಳಿದ ದಿನದಂದೇ ಹೆರುವವರು ನೂರಕ್ಕೆ ಐದು ಮಂದಿಯೂ ಇರಲಾರರು. 37 ವಾರ ತುಂಬಿದ ಮೇಲೆ ಹೇಳಿದ ದಿನದ ಮುಂಚೆಯೂ ಆಗಬಹುದು, ನಂತರವೂ ಆಗಬಹುದು. ದಿನ ದಾಟಿದಾಗ ನೆಂಟರಿಷ್ಟರು ಫೋನ್ ಮಾಡಿ "ಇನ್ನೂ ಆಗಿಲ್ವಾ" ಎಂದು ಕೇಳುವುದನ್ನು ಮನೆಯವರೇ ತಡೆಯಬೇಕು, ಆ ಫೋನು ಬಸುರಿಯ ಕೈಗೆ ಹೋಗಬಾರದು. ದಿನ ದಾಟಿದ ಮೇಲಿನ ತಪಾಸಣೆ ಯಾವತ್ತು, ನೋವು ಬರಿಸುವ ತೀರ್ಮಾನ ಯಾವ ವಾರಕ್ಕೆ ಎಂಬುದನ್ನು ಮಾತ್ರ ವೈದ್ಯರಿಂದ ಮುಂಚೆಯೇ ತಿಳಿದುಕೊಂಡಿರಿ.

ಮಗುವಿನ ಎದೆಬಡಿತ ಕೇಳಿಸಲು ಕೇಳಿ. ನಿಮಿಷಕ್ಕೆ 110ರಿಂದ 160 ಸಹಜ, ಅಷ್ಟು ವೇಗವಾಗಿ ಹೊಡೆದುಕೊಳ್ಳುವುದನ್ನು ಕೇಳಿ ಗಾಬರಿ ಬೀಳಬೇಡಿ. ಮನೆಯಲ್ಲಿ ಭರವಸೆಗೆ ಇರುವ ದಾರಿ ಮಗುವಿನ ಮಿಸುಕಾಟ ಎಣಿಸುವುದು: ಊಟದ ನಂತರ ಎಡಮಗ್ಗುಲಿಗೆ ಮಲಗಿ, ಬೇರೆ ಕೆಲಸ ಬಿಟ್ಟು, ಎರಡು ಗಂಟೆಯೊಳಗೆ 10 ಸಲ ಮಿಸುಕಿದರೆ ಸರಿ. ಕಡಿಮೆಯಾದರೆ, ಅಥವಾ ದಿನದ ರೂಢಿಗಿಂತ ಸ್ಪಷ್ಟವಾಗಿ ಬದಲಾದರೆ, ಬೆಳಗಾಗಲಿ ಎಂದು ಕಾಯದೆ ಹೋಗಬೇಕು. ದಿನಕ್ಕೆ ಒಂದು ಸಲ ಎಣಿಸಿದರೆ ಸಾಕು. ಗಂಟೆಗೊಮ್ಮೆ ಎಣಿಸುತ್ತ ಕೂರುವುದೇ ಆತಂಕದ ಲಕ್ಷಣ, ಅದನ್ನೂ ವೈದ್ಯರಿಗೆ ಹೇಳಿ.

ಈ ಸೇವೆ ತೀರ ಹಿಂದೆ ಬಿದ್ದಿರುವುದು ಹೆರಿಗೆ ಹೊತ್ತಿನಲ್ಲಿ ಜೊತೆಗಿರುವವರ ವಿಷಯದಲ್ಲಿ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಬಸುರಿಯ ಜೊತೆ ಒಬ್ಬರು ಇರಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಒಪ್ಪಿದೆ. ಬರ್ತ್ ಕಂಪ್ಯಾನಿಯನ್ ಎಂದರೆ ಇವರೇ. ಹೆಂಗಸಾಗಿರಬೇಕು, ತಾನೂ ಹೆತ್ತವಳಾದರೆ ಒಳ್ಳೆಯದು, ಸಾಂಕ್ರಾಮಿಕ ಕಾಯಿಲೆ ಇರಬಾರದು, ಶುಭ್ರವಾದ ಬಟ್ಟೆ ತೊಟ್ಟಿರಬೇಕು, ಕೊನೆಯವರೆಗೂ ಜೊತೆಗಿರಲು ಒಪ್ಪಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು, ಕೋಣೆಯಲ್ಲಿರುವ ಬೇರೆ ಹೆಂಗಸರ ಗೊಡವೆಗೆ ಹೋಗಬಾರದು. ಮರೆ ಇರುವ ಆಸ್ಪತ್ರೆಯಲ್ಲಿ ಗಂಡನಿಗೂ ಅವಕಾಶವಿದೆ. ಹೆರಿಗೆ ಸೇವೆಯ ಗುಣಮಟ್ಟ ಹೆಚ್ಚಿಸಲು 2017ರಲ್ಲಿ ಬಂದ ಕೇಂದ್ರದ ಲಕ್ಷ್ಯ ಕಾರ್ಯಕ್ರಮವೂ ಹೆರಿಗೆ ಕೋಣೆಯಲ್ಲಿ ಗೌರವದ ನಡವಳಿಕೆ ಮತ್ತು ಸಂಗಾತಿಯ ಹಾಜರಿಯನ್ನು ಕೇಳುತ್ತದೆ. ಇಷ್ಟಿದ್ದರೂ 9ನೇ ತಾರೀಖಿನ ಸಾಲಿನಲ್ಲಿ ಈ ವಿಷಯ ತಾನಾಗಿ ಪ್ರಸ್ತಾಪವಾಗುವುದು ಕಡಿಮೆ. ಎಷ್ಟೋ ಹೆಣ್ಣುಮಕ್ಕಳು ಒಬ್ಬಳೇ ಒಳಗೆ ಹೋಗಬೇಕು ಎಂದುಕೊಂಡೇ ಕೊನೆಯ ತಿಂಗಳು ಕಳೆಯುತ್ತಾರೆ.

ಇದು ಬರೀ ಧೈರ್ಯದ ಮಾತಲ್ಲ. 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಮಾಹಿತಿ ಸೇರಿಸಿ 2017ರಲ್ಲಿ ಪ್ರಕಟವಾದ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆಯ ಪ್ರಕಾರ, ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದವರಿಗೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಹೆರಿಗೆಯ ಅವಧಿಯೂ ಸ್ವಲ್ಪ ಕಿರಿದು. ಆದ್ದರಿಂದ ಎಂಟನೇ ತಿಂಗಳ ತಪಾಸಣೆಗೇ ಆ ಜೊತೆಗಾತಿಯನ್ನು ಕರೆದುಕೊಂಡು ಹೋಗಿ, ಹೆರಿಗೆ ವಾರ್ಡಿನ ನರ್ಸ್‌ಗೆ ತೋರಿಸಿ, ಹೆಸರನ್ನು ಕಾರ್ಡಿನಲ್ಲಿ ಬರೆಸಿ. ಕೋಣೆ ಖಾಲಿ ಇದ್ದರೆ ಐದು ನಿಮಿಷ ಒಳಗೆ ನೋಡಲು ಬಿಡಿ ಎಂದು ಕೇಳಿ. ಟೇಬಲ್ ಎಲ್ಲಿದೆ, ಶೌಚಾಲಯ ಎಲ್ಲಿದೆ, ಮಗುವನ್ನು ಬೆಚ್ಚಗಿಡುವ ಯಂತ್ರ ಎಲ್ಲಿದೆ ಎಂದು ಕಂಡಿದ್ದರೆ ನೋವಿನ ರಾತ್ರಿ ಆ ಜಾಗ ಅಪರಿಚಿತವಾಗಿರುವುದಿಲ್ಲ. ಸೊಂಟ ನೀವುವುದು, ನಡುವೆ ಗುಟುಕು ನೀರು ಕೊಡುವುದು, ನಡೆದಾಡಿಸುವುದು, ಉಸಿರನ್ನು ನಿಧಾನವಾಗಿ ಬಿಡು ಎನ್ನುತ್ತಿರುವುದು ಜೊತೆಗಾತಿಯ ಕೆಲಸ. ತನ್ನ ಹೆರಿಗೆಯ ಕಷ್ಟವನ್ನು ಅಲ್ಲಿ ಹೇಳಿಕೊಳ್ಳುವವರನ್ನು ಆರಿಸಬೇಡಿ, ಅವರು ಅಮ್ಮನೇ ಆಗಿರಲಿ.

ಹೊಟ್ಟೆಯ ಮೇಲೆ ಒತ್ತಿ ಮಗುವನ್ನು ತಳ್ಳುವುದನ್ನಾಗಲಿ, ಎಲ್ಲರಿಗೂ ತಪ್ಪದೆ ಕತ್ತರಿಸಿ ಹೊಲಿಗೆ ಹಾಕುವುದನ್ನಾಗಲಿ, ಎನಿಮಾ ಕೊಡುವುದನ್ನಾಗಲಿ ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಶಿಫಾರಸು ಮಾಡುವುದಿಲ್ಲ. ಇವುಗಳ ಬಗ್ಗೆ ನಿಮ್ಮ ಆಸ್ಪತ್ರೆಯ ಪದ್ಧತಿ ಏನು ಎಂದು ತಪಾಸಣೆಯ ದಿನವೇ ವಿಚಾರಿಸಿ. ನೋವು ತಗ್ಗಿಸಲು ಏನು ಲಭ್ಯ ಎಂಬುದನ್ನೂ ಕೇಳಿ. ಬೆನ್ನಿಗೆ ಕೊಡುವ ಎಪಿಡ್ಯೂರಲ್‌ಗೆ ಅರಿವಳಿಕೆ ತಜ್ಞರು ಬೇಕಾದ್ದರಿಂದ ಅದು ಚಿಕ್ಕ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ.

ಯಾವಾಗ ಹೊರಡಬೇಕು ಎಂಬ ಚಿಂತೆಗೆ ಅಳತೆಯಿದೆ. ಚೊಚ್ಚಲಿನಲ್ಲಿ ನೋವು ಐದು ನಿಮಿಷಕ್ಕೊಮ್ಮೆ ಬಂದು, ಪ್ರತಿ ನೋವೂ ಸುಮಾರು ಒಂದು ನಿಮಿಷ ಇದ್ದು, ಒಂದು ಗಂಟೆ ಕಾಲ ಹಾಗೇ ಮುಂದುವರಿದರೆ ಹೊರಡಿ. ಹಿಂದೆ ಹೆತ್ತವರು, ಕೆಂಪು ಸ್ಟಿಕ್ಕರ್ ಇರುವವರು, ಆಸ್ಪತ್ರೆ ದೂರ ಇರುವವರು ಅಷ್ಟು ಕಾಯಬಾರದು. ನೀರು ಹೋದರೆ, ರಕ್ತ ಹೋದರೆ, ಮಿಸುಕಾಟ ಕಡಿಮೆಯಾದರೆ ನೋವಿಲ್ಲದಿದ್ದರೂ ಹೋಗಬೇಕು. ನೀರಿನ ಬಣ್ಣ ಹಸಿರಾಗಿತ್ತೇ ಎಂದು ನೋಡಿಕೊಂಡು ಹೇಳಿ. ಹೋದ ಮೇಲೆ "ಇನ್ನೂ ಎರಡು ಸೆಂಟಿಮೀಟರ್, ಮನೆಗೆ ಹೋಗಿ" ಎಂದರೆ ಅವಮಾನ ಅಂದುಕೊಳ್ಳಬೇಡಿ. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂಬುದರ ಅಳತೆ ಅದು. ಜೋರು ಹೆರಿಗೆ ನೋವಿನ ಹಂತ 5 ಸೆಂಟಿಮೀಟರ್‌ನಿಂದ ಲೆಕ್ಕ, ಅದಕ್ಕೆ ಮುಂಚಿನ ಹಂತಕ್ಕೆ ಇಷ್ಟೇ ಹೊತ್ತು ಎಂಬ ಕಟ್ಟಿಲ್ಲ. 5ರಿಂದ ಮುಂದಕ್ಕೆ ಚೊಚ್ಚಲಿನಲ್ಲಿ ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ, ನಂತರದ ಹೆರಿಗೆಗಳಲ್ಲಿ 10 ಗಂಟೆ.

ತವರಿಗೆ ಹೋಗುವವರಿಗೆ ಒಂದು ಮಾತು. ಸೀಮಂತ ಮುಗಿಸಿ ಏಳು, ಎಂಟನೇ ತಿಂಗಳಲ್ಲಿ ಊರು ಬದಲಿಸಿದಾಗ ವೈದ್ಯರು, ನರ್ಸು, ಆಶಾ ಎಲ್ಲರೂ ಬದಲಾಗುತ್ತಾರೆ. ಆತಂಕ ಏರಲು ಇದೊಂದು ದೊಡ್ಡ ಕಾರಣ. ತವರೂರಿನ ಆಶಾ ಅವರ ಫೋನ್ ನಂಬರನ್ನು ಹೊರಡುವ ಮುಂಚೆಯೇ ಪಡೆಯಿರಿ, ಅಲ್ಲಿಗೆ ಮುಟ್ಟಿದ ಮೊದಲ 9ನೇ ತಾರೀಖಿಗೇ ತಪಾಸಣೆಗೆ ಹೋಗಿ. ರಾತ್ರಿ ಹೆರಿಗೆ ಮಾಡಿಸುವ ಆಸ್ಪತ್ರೆ ಯಾವುದು ಎಂದು ಖಚಿತ ಮಾಡಿಕೊಳ್ಳಿ, ತಪಾಸಣೆ ಮಾಡುವ ಎಲ್ಲ ಪಿಎಚ್‌ಸಿಗಳಲ್ಲೂ ರಾತ್ರಿ ಹೆರಿಗೆ ಆಗುವುದಿಲ್ಲ.

ಖರ್ಚಿನ ವಿಷಯ ಚಿಕ್ಕದಾಗಿ: 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ ಎಲ್ಲ ಉಚಿತ. ಬರಲು 108, ಬಾಣಂತಿಯನ್ನು ಮನೆಗೆ ಬಿಡಲು ನಗು-ಮಗು ವಾಹನ. ಯಾರಾದರೂ ದುಡ್ಡು ಕೇಳಿದರೆ 104ಕ್ಕೆ ದೂರು ಕೊಡಿ.

ಭಯವನ್ನು ಅಳೆಯುವ ಕೆಲಸ ಸಾಮಾನ್ಯವಾಗಿ ಇಲ್ಲಿ ನಡೆಯುವುದಿಲ್ಲ. ಅದಕ್ಕೆ ಎರಡು ಪ್ರಶ್ನೆ ಸಾಕು, ನಾಲ್ಕು ನಿಮಿಷವೂ ಬೇಡ. ಕಳೆದ ಎರಡು ವಾರಗಳಲ್ಲಿ ಕಳವಳ, ಆತಂಕ, ಚಡಪಡಿಕೆ ಎಷ್ಟು ಸಲ ಕಾಡಿತು? ಚಿಂತೆಯನ್ನು ನಿಲ್ಲಿಸಲು ಆಗದೇ ಹೋದದ್ದು ಎಷ್ಟು ಸಲ? ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ ಎಂದರೆ 1, ಅರ್ಧಕ್ಕಿಂತ ಹೆಚ್ಚು ದಿನ ಎಂದರೆ 2, ಹೆಚ್ಚುಕಡಿಮೆ ದಿನವೂ ಎಂದರೆ 3. ಎರಡೂ ಕೂಡಿ 3 ಅಥವಾ ಮೇಲೆ ಬಂದರೆ ಮುಂದೆ ವಿಚಾರಿಸಲೇಬೇಕು. ಇದನ್ನು ಮನೆಯಲ್ಲೇ ನೋಡಿಕೊಂಡು ಹೋಗಿ ಅಂಕ ಹೇಳಬಹುದು. ಆದರೆ ಅತ್ತೆ ಪಕ್ಕದಲ್ಲಿ ನಿಂತಿರುವಾಗ ಯಾವ ಸೊಸೆಯೂ ನಿಜ ಹೇಳಲಾರಳು. ಮನೆಯವರನ್ನು ಎರಡು ನಿಮಿಷ ಹೊರಗೆ ಕಳಿಸಿ ಮಾತಾಡುವ ವೈದ್ಯರು ಸಿಕ್ಕರೆ ಆ ಆಸ್ಪತ್ರೆಯನ್ನು ಬಿಡಬೇಡಿ. ಸಿಗದಿದ್ದರೆ "ಒಳಗಿನ ಪರೀಕ್ಷೆ ಬಗ್ಗೆ ಕೇಳಬೇಕಿತ್ತು" ಎಂದರೆ ಸಾಕು, ನರ್ಸ್ ಉಳಿದವರನ್ನು ತಾವೇ ಆಚೆ ಕಳಿಸುತ್ತಾರೆ.

ನಿದ್ದೆ ಊಟ ಬಿಟ್ಟುಹೋಗಿದ್ದರೆ, ಎದೆ ಹೊಡೆದುಕೊಂಡು ಸತ್ತೇಹೋಗುತ್ತೇನೆ ಎಂಬ ಗಾಬರಿ ಮರುಮರಳಿ ಬರುತ್ತಿದ್ದರೆ, ಹೆರಿಗೆ ಭಯಕ್ಕೇ ವೈದ್ಯಕೀಯ ಕಾರಣವಿಲ್ಲದೆ ಸಿಸೇರಿಯನ್ ಬೇಕೆನಿಸುತ್ತಿದ್ದರೆ, ಬದುಕೇ ಬೇಡ ಎನಿಸಿದರೆ ಈ ತಪಾಸಣೆಯೊಂದೇ ಸಾಲದು. ಟೆಲಿ ಮನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ದಿನದ ಎಲ್ಲ ಹೊತ್ತೂ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಯಾವುದು ಎಂದು ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗರ್ಭಿಣಿ, ಬಾಣಂತಿಯರ ಮನಸ್ಸಿನ ತೊಂದರೆಗೇ ಪ್ರತ್ಯೇಕ ಸೇವೆಯಿದೆ, ತಾಯಿ ಮಗುವನ್ನು ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡ್ 2009ರಿಂದ ಇದೆ. ಮೊದಲಿನಿಂದ ಮನೋವೈದ್ಯರ ಮಾತ್ರೆ ತೆಗೆದುಕೊಳ್ಳುತ್ತಿರುವವರು ಬಸುರಿನ ಹೆದರಿಕೆಗೆ ಅದನ್ನು ತಾವಾಗಿ ನಿಲ್ಲಿಸಬಾರದು. ಆ ಚೀಟಿಯನ್ನೂ ತಾಯಿ ಕಾರ್ಡಿನ ಜೊತೆ ಇಟ್ಟು, ಮುಂದಿನ 9ನೇ ತಾರೀಖಿಗೆ ವೈದ್ಯರ ಮೇಜಿನ ಮೇಲೆ ಮೊದಲು ಅದನ್ನೇ ತೆಗೆದಿಡಿ.